ಬಾಯಿಯ ಮಡಿ

ನನ್ನ ಅತ್ತೆಯ ಬಾಯಿ ಬೈಲಹೊಂಗಲದ ನಮ್ಮ ಓಣಿಯಲ್ಲೆಲ್ಲ ಹೆಸರಾದದ್ದು. ಹಾಲಿನವನು ಹಾಲಿಗೆ ನೀರು ಬೆರೆಸುವ ಮುಂಚೆ ನಮ್ಮ ಮನೆಯ ಪಾಲನ್ನು ಬೇರೆ ತೆಗೆದಿಡುತ್ತಾನೆಂದು ಎದುರು ಮನೆಯವರು ನಗುತ್ತಿದ್ದರು. ಅಂಥ ಬಾಯಿ ತಿಂಗಳಿಗೊಂದು ಶನಿವಾರ ಮುಚ್ಚಿರುತ್ತಿತ್ತು. ಬರೀ ಮುಚ್ಚಿರುವುದಲ್ಲ, ಅದರ ಮೇಲೊಂದು ಬಿಳಿ ಬಟ್ಟೆಯನ್ನೂ ಬಿಗಿಯಾಗಿ ಕಟ್ಟಿಕೊಂಡಿರುತ್ತಿದ್ದರು.

ತಿಂಗಳ ಮೊದಲ ಭಾನುವಾರ ನಮ್ಮ ಕ್ರೈಸ್ತ ಸಭೆಯಲ್ಲಿ ಕರ್ತನ ಭೋಜನ, ಕ್ರಿಸ್ತನ ಕಡೆಯ ಊಟವನ್ನು ನೆನೆಯುವ ಆಚರಣೆ. ಆ ದಿನ ಎಲ್ಲರಿಗೂ ಒಂದೊಂದು ಚೂರು ಹಂಚುವ ರೊಟ್ಟಿ ನಮ್ಮ ಮನೆಯಿಂದಲೇ ಹೋಗಬೇಕು. ದಿನಾ ತಟ್ಟುವ ಜೋಳದ ರೊಟ್ಟಿಯಲ್ಲ ಅದು. ಗೋಧಿ ಹಿಟ್ಟಿನದು, ಹುಳಿ ಹಾಕದ್ದು, ಉಪ್ಪಿಲ್ಲದ್ದು, ಬೆರಳಿನಷ್ಟು ದಪ್ಪ. ಅತ್ತೆಯ ಅತ್ತೆ ಮಾಡುತ್ತಿದ್ದರು, ಆಮೇಲೆ ಅತ್ತೆ ಮಾಡತೊಡಗಿದರು. ಬೇಕರಿಯ ಬ್ರೆಡ್ ತಂದರೂ ನಡೆಯುತ್ತದೆ, ಇಷ್ಟು ಕಷ್ಟ ಯಾಕೆ ಎಂದು ಹೊಸ ಹೊಸ ಸಭಾಪಾಲಕರು ಬಂದಾಗಲೆಲ್ಲ ಒಂದು ಸಲ ಹೇಳಿ ನೋಡುತ್ತಿದ್ದರು. ಅತ್ತೆ "ಹೌದ್ರಿ" ಎಂದು ತಲೆಯಾಡಿಸಿ, ಮುಂದಿನ ತಿಂಗಳು ಮತ್ತೆ ಗೋಧಿ ಹಸನು ಮಾಡಲು ಕೂರುತ್ತಿದ್ದರು.

ನಾನು ರಾಮದುರ್ಗದ ನೇಕಾರರ ಮನೆಯ ಹುಡುಗಿ. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದರು. ಮಗ್ಗದ ಮನೆಯಲ್ಲಿ ಎಲ್ಲರೂ ಎಲ್ಲವನ್ನೂ ಮುಟ್ಟುತ್ತಾರೆ. ನೂಲು ಸುತ್ತುವ ಕೈಯೇ ಅನ್ನ ಬಡಿಸುತ್ತದೆ. ನಮಗೆ ಕ್ರೈಸ್ತರಾಗಿರುವುದೆಂದರೆ ಊಟಕ್ಕೆ ಮುಂಚೆ ಕಣ್ಣು ಮುಚ್ಚುವುದು, ಭಾನುವಾರ ಮಗ್ಗ ನಿಲ್ಲಿಸುವುದು, ಒಳಗೆ ಕಳಪೆ ನೂಲು ಸೇರಿಸದಿರುವುದು, ಮಾತಿಗೆ ಆಣೆ ಇಡದಿರುವುದು. ಆಣೆಯ ವಿಷಯದಲ್ಲಂತೂ ಅಪ್ಪ ಬಹಳ ಕಟ್ಟುನಿಟ್ಟು. "ದೇವರಾಣೆ" ಎಂದು ಬಾಯಿತಪ್ಪಿ ಅಂದರೂ ಮಗ್ಗ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ಮಡಿ ಎಂಬುದನ್ನು ನಾನು ಬೇರೆಯವರ ಮನೆಯಲ್ಲಿ ದೂರದಿಂದ ಕಂಡಿದ್ದೆ, ಅಷ್ಟೆ.

ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ ಅದು ನನ್ನ ಎದುರಿಗೆ ಬಂದು ಕೂತಿತು. ಶನಿವಾರ ಮಧ್ಯಾಹ್ನ ಅತ್ತೆ ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಬಾಯಿಗೆ ಆ ಬಟ್ಟೆ ಕಟ್ಟಿ, ಹಿಟ್ಟು ನಾದುವ ಅಗಲ ತಟ್ಟೆ, ಆ ಪರಾತದ ಮುಂದೆ ಕೂತರು. ಹೊಸ ಸೊಸೆ, ಸುಮ್ಮನೆ ನಿಂತರೆ ಹೇಗೆ ಎಂದು ನಾನು ನೀರಿನ ತಂಬಿಗೆ ಎತ್ತಿಕೊಡಲು ಹೋದೆ. ಅತ್ತೆ ಬಟ್ಟೆಯೊಳಗಿಂದಲೇ "ಹ್ಞೂಂ! ಹ್ಞೂಂ!" ಎಂದು ಕೈಯೆತ್ತಿ ನನ್ನನ್ನು ತಡೆದರು. ನನ್ನ ಕೈ ತಂಬಿಗೆಯ ಮೇಲೆಯೇ ನಿಂತಿತು. ಮುಖಕ್ಕೆ ರಕ್ತ ನುಗ್ಗಿದ್ದು ಇವತ್ತಿಗೂ ನೆನಪಿದೆ.

ಅತ್ತೆಯ ಮುತ್ತಜ್ಜ ಹೂಲಿಯ ಕಡೆ ಪೂಜಾರಿಕೆಯ ಮನೆತನದವರು, ಕ್ರಿಸ್ತನನ್ನು ನಂಬಿ ಮನೆಯಿಂದ ಹೊರಬಿದ್ದವರು ಎಂದು ಕೇಳಿದ್ದೆ. ದೇವರಮನೆ ಬಿಟ್ಟು ಬಂದರೂ ಮಡಿಯನ್ನು ಮಾತ್ರ ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದಾರೆ ಎಂದುಕೊಂಡೆ. ಎದುರು ಮನೆಯಲ್ಲಿ ಕಾಳುಕಡಿ ವ್ಯಾಪಾರಿಯ ಹೆಂಡತಿ ಇದ್ದರು, ಲಿಂಗ ಕಟ್ಟಿಕೊಂಡ ಹೆಂಗಸು, ಬಹಳ ಒಳ್ಳೆಯವರು. ಅವರು ನನ್ನನ್ನು ಸಮಾಧಾನ ಮಾಡಲು ಹೋಗಿ, "ನೋಡವಾ, ಧರ್ಮಾ ಬದಲಿ ಆದ್ರೂ ಮಡಿ ಬಿಟ್ಟಿಲ್ಲ ನಿಮ್ಮ ಅತ್ತಿ. ದೊಡ್ಡ ಮನಿ ಗುಣಾ ಎಲ್ಲಿ ಹೋಗತೈತಿ?" ಅಂದರು. ಉರಿಯುವ ಒಲೆಗೆ ಎಣ್ಣೆ ಹೊಯ್ದಂತಾಯಿತು.

ಕೆಲವು ತಿಂಗಳು ನುಂಗಿಕೊಂಡೆ. ನುಂಗಿಕೊಳ್ಳುವುದು ನನಗೆ ಹುಟ್ಟಿನಿಂದ ಬಂದದ್ದಲ್ಲ. ಒಂದು ಸೋಮವಾರ ಇಬ್ಬರೂ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. "ಅತ್ತಿ, ಒಂದ ಮಾತ ಕೇಳತೇನ್ರಿ, ಸಿಟ್ಟಿಗೇಳಬ್ಯಾಡ್ರಿ. ನನ್ನ ಕೈ ಅಷ್ಟ ಮೈಲಿಗಿ ಇದ್ರ ನಿಮ್ಮ ಮಗಗ ಯಾಕ ತಂದ್ಕೊಂಡ್ರಿ?"

ಅತ್ತೆ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹುಚ್ಚಿ, ನಿನ್ನ ಕೈ ಮೈಲಿಗಿ ಅಂತ ಯಾರ ಅಂದ್ರು? ಮೈಲಿಗಿ ಇರೂದು ನನ್ನ ಬಾಯಿ."

ಆಗ ಹೇಳಿದರು. ಪ್ರಾಯದಲ್ಲಿ ಅವರಿಗೂ ಅವರ ನಾದಿನಿಗೂ ಆಗಿಬರುತ್ತಿರಲಿಲ್ಲ. ಒಂದು ಶನಿವಾರ ಅದೇ ಪರಾತದಲ್ಲಿ ಹಿಟ್ಟು ನಾದುತ್ತ, ನಾದಿನಿ ಮಾಡಿದ ಯಾವುದೋ ಕೆಲಸಕ್ಕೆ "ಅಕಿ ಕೈ ಸೇದಿ ಹೋಗಲಿ" ಎಂದು, ಕೈ ಸೆಟೆದು ಬತ್ತಿಹೋಗುವ ಶಾಪವನ್ನು ಬಾಯಿತುಂಬ ಹಾಕಿದ್ದರಂತೆ. ಮರುದಿನ ಸಭೆಯಲ್ಲಿ ನಾದಿನಿ ಅವರ ಪಕ್ಕದಲ್ಲೇ ಬಂದು ಕೂತಳು. ತಟ್ಟೆ ಬಂದಾಗ ಅದೇ ಕೈ ಚಾಚಿ ಅದೇ ರೊಟ್ಟಿಯ ಚೂರು ತೆಗೆದುಕೊಂಡಳು.

"ನಾ ಶಾಪಾ ಹಾಕಿದ ಕೈ, ನಾ ನಾದಿದ ರೊಟ್ಟಿ. ನನ್ನ ಗಂಟಲದಾಗ ಇಳೀಲಿಲ್ಲ ಯವ್ವಾ. ಅವತ್ತಿಂದ ಬಟ್ಟಿ ಕಟ್ಟಾಕ ಹತ್ತಿದೆ. ನೀ ಹತ್ತರ ಬಂದ್ರ ನಾ ಏನರ ಅನ್ನಾಕಿ, ಅಂದ್ರ ಕೆಟ್ಟದ್ದ ಅನ್ನಾಕಿ. ಅದಕ್ಕ ದೂರ ನಿಲ್ಲು ಅಂತ ಕೈ ಮಾಡಿದೆ. ಈ ಮಡಿ ಮೈದಲ್ಲ, ಬಾಯಿದು."

ನಾಲಗೆಯನ್ನು ಹಿಡಿತದಲ್ಲಿಟ್ಟುಕೊಳ್ಳಲು ಆಗದವಳು ತಾನೇ ಅದಕ್ಕೊಂದು ಮೂಗುದಾರ ಹಾಕಿಕೊಂಡದ್ದು ನನಗೆ ಬಹಳ ಹಿಡಿಸಿತು. ನನ್ನ ಬಾಯಿಯೂ ಕಡಿಮೆಯದಲ್ಲವಲ್ಲ. ಅಲ್ಲಿಂದ ಮುಂದೆ ಆ ಶನಿವಾರದ ಮಧ್ಯಾಹ್ನ ನನ್ನ ರಾಜ್ಯ. ಅತ್ತೆ ಉತ್ತರ ಕೊಡುವಂತಿಲ್ಲ ಎಂದು ಗೊತ್ತಿದ್ದೇ ಪಕ್ಕದಲ್ಲಿ ಕೂತು, ನೀವು ಮಾಡಿದ ಸಾರಿಗೆ ಉಪ್ಪು ಜಾಸ್ತಿ, ನಿಮ್ಮ ಮಗನಿಗೆ ನೀವೇ ಮುದ್ದು ಮಾಡಿ ಕೆಡಿಸಿದ್ದು ಎಂದೆಲ್ಲ ಹೇಳುತ್ತಿದ್ದೆ. ಅವರು ಕಣ್ಣು ಕೆಕ್ಕರಿಸಿ ನಾದುತ್ತಿದ್ದರು. ಸೋಮವಾರ ಬಡ್ಡಿ ಸಮೇತ ತೀರಿಸುತ್ತಿದ್ದರು.

ಬಟ್ಟೆ ಕಟ್ಟುವ ಮುಂಚೆ ಅವರದು ಇನ್ನೊಂದು ಪದ್ಧತಿ ಇತ್ತು. ಪರಾತದ ಮುಂದೆ ಕೂತು, "ಯಾರ ಮ್ಯಾಲರ ಸಿಟ್ಟು ಐತೇನು?" ಎಂದು ತಮ್ಮನ್ನೇ ಗಟ್ಟಿಯಾಗಿ ಕೇಳಿಕೊಳ್ಳುತ್ತಿದ್ದರು. ಇದ್ದರೆ ಎದ್ದು ಚಪ್ಪಲಿ ಮೆಟ್ಟಿ ಹೊರಟರೆಂದೇ ಲೆಕ್ಕ. ಒಮ್ಮೆ ಗೋಧಿ ಬೀಸಿಸಲು ಹೋದ ಗಿರಣಿಯಲ್ಲೇ ಜಗಳವಾಡಿ ಬಂದಿದ್ದರು. ಹಿಟ್ಟನ್ನು ಮನೆಯಲ್ಲಿಟ್ಟು, ಬಿಸಿಲಲ್ಲಿ ಮತ್ತೆ ಗಿರಣಿಯ ತನಕ ನಡೆದು, "ತಮ್ಮಾ, ಮುಂಜಾನೆ ನಂದ ಜೋರ ಆತು" ಎಂದು ಹೇಳಿ ಬಂದರು. ಇನ್ನೇನು ಬೈಯಲು ಬಂದರೋ ಎಂದು ಗಿರಣಿಯವನು ಗಾಬರಿಯಾಗಿದ್ದನಂತೆ.

ಶುದ್ಧವಾಗಿರುವುದೆಂದರೆ ಏನು ಎಂದು ನಮ್ಮ ಕಡೆ ಯಾರೂ ಕೇಳಬೇಕಾಗಿಲ್ಲ. ಪ್ರತಿ ಮನೆಯಲ್ಲೂ ಅದಕ್ಕೊಂದು ರೀತಿ ಇದೆ. ಎದುರು ಮನೆಯವರು ಸ್ನಾನ ಮಾಡದೆ ಒಲೆ ಹೊತ್ತಿಸುವುದಿಲ್ಲ. ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಹೋಗುವವರು ಟ್ರ್ಯಾಕ್ಟರಿನಲ್ಲೇ ಉಪವಾಸ ಕೂತಿರುತ್ತಾರೆ. ನಾವು ಕ್ರೈಸ್ತರು ಮಾತ್ರ ಹೊರಗಿನದು ಏನೂ ಬೇಡ, ಒಳಗಿನದೇ ಮುಖ್ಯ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಒಳಗಿನದು ಯಾರಿಗೂ ಕಾಣುವುದಿಲ್ಲ, ಹಾಗಾಗಿ ಅದನ್ನು ತೊಳೆಯದೆಯೂ ದಿನ ದೂಡಬಹುದು. ಅತ್ತೆ ಹಾಗೆ ದೂಡುವವರಾಗಿರಲಿಲ್ಲ.

ಅಂಥ ಅತ್ತೆಯ ಮೇಲೆಯೇ ನನಗೆ ಜೀವಮಾನದ ಸಿಟ್ಟು ಬಂದದ್ದು ಮಗಳ ಮದುವೆಯ ವಿಷಯದಲ್ಲಿ.

ನನಗಿರುವುದು ಒಬ್ಬಳೇ ಮಗಳು. ಬಾಲವಾಡಿಗೆ ಹೋಗುವ ವಯಸ್ಸಿನಲ್ಲಿ ಅವಳಿಗೆ ಫಿಟ್ಸ್ ಬರುತ್ತಿತ್ತು. ಮೊದಲ ಸಲ ಅಂಗಳದಲ್ಲಿ ಬಿದ್ದಾಗ ಯಾರೋ ಓಡಿಬಂದು ಅವಳ ಪುಟ್ಟ ಮುಷ್ಟಿಯಲ್ಲಿ ಕಬ್ಬಿಣದ ಬೀಗದ ಕೈ ತುರುಕಿದ್ದರು. ಬೆಳಗಾವಿಯ ಡಾಕ್ಟರು ಮಾತ್ರೆ ಕೊಟ್ಟರು. ಹೈಸ್ಕೂಲಿಗೆ ಬರುವಷ್ಟರಲ್ಲಿ ಮಾತ್ರೆಯನ್ನೂ ಬಿಡಿಸಿದರು. ಅಲ್ಲಿಂದ ಒಮ್ಮೆಯೂ ಬಂದಿಲ್ಲ. ಓದಿ, ಊರಲ್ಲೇ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ, ಸ್ಕೂಟಿ ಓಡಿಸಿಕೊಂಡು ನೇಸರಗಿಯ ತನಕ ಹೋಗಿ ಬರುವ ಹುಡುಗಿ. ಆದರೆ ಓಣಿಯ ನೆನಪು ಉದ್ದ. ಅವಳ ವಯಸ್ಸಿನವರೆಲ್ಲ ಮದುವೆಯಾದರೂ ಅವಳಿಗೆ ಬಂದ ಮಾತುಗಳು ಹೊಸ್ತಿಲಿಗೇ ನಿಲ್ಲುತ್ತಿದ್ದವು.

ಆಗ ಸವದತ್ತಿಯಿಂದ ಒಂದು ಮಾತು ಬಂತು. ಹುಡುಗ ಹೈಸ್ಕೂಲು ಮಾಸ್ತರ, ನಮ್ಮವರೇ, ಸಭೆಗೆ ತಪ್ಪದೆ ಹೋಗುವ ಮನೆ. ಮೊಬೈಲಿನಲ್ಲಿ ಫೋಟೊ ಹೋಗಿ ಬಂದು ಎರಡೂ ಕಡೆ ಮನಸ್ಸಿಗೆ ಬಂದಿತ್ತು. ಕನ್ಯೆ ನೋಡಲು ಬರುವ ದಿನ ಗೊತ್ತಾದಾಗ ಎದುರು ಮನೆಯವರು ನನ್ನ ಕಿವಿಯಲ್ಲಿ ಹೇಳಿದರು. "ಸಾವಿರ ಸುಳ್ಳ ಹೇಳಿ ಒಂದ ಲಗ್ನಾ ಮಾಡಂತಾರ. ನಿಮಗ ಸುಳ್ಳರ ಎಲ್ಲಿ ಹೇಳೂದೈತಿ? ಸುಮ್ಮನ ಇದ್ರ ಸಾಕು."

ಸುಮ್ಮನಿರುವುದು ಸುಳ್ಳಲ್ಲ ಎಂದು ನನಗೂ ಅನ್ನಿಸಿತು. ಮಾಸಿ ಹೋದ ಕಾಯಿಲೆಯನ್ನು ತಟ್ಟೆಯಲ್ಲಿಟ್ಟು ಶಿರಾದ ಜೊತೆ ಹಂಚುವುದುಂಟೆ? ಮಗಳ ಹತ್ತಿರ ಹೇಳಿದೆ. ಅವಳು ಮುಖ ಸಣ್ಣ ಮಾಡಿಕೊಂಡು, "ಹೇಳಿದ್ರ ಚೊಲೋ ಅನಸ್ತೈತಿ ಅವ್ವಾ" ಅಂದಳು. ನನಗೆ ಹೆದರಿಕೆಯಾಯಿತು. ಹೆದರಿದ ತಾಯಂದಿರು ಈ ಸೀಮೆಯಲ್ಲಿ ಏನು ಮಾಡುತ್ತಾರೋ ಅದನ್ನೇ ನಾನೂ ಮಾಡಿದೆ. ಅವಳ ಕೈ ಹಿಡಿದು ನನ್ನ ತಲೆಯ ಮೇಲಿಟ್ಟುಕೊಂಡು, "ನನ್ನ ಆಣಿ ಐತಿ ನಿನಗ, ಅವರ ಮುಂದ ಬಾಯಿ ಬಿಟ್ರ" ಅಂದೆ. ಅಪ್ಪ ಇದ್ದಿದ್ದರೆ ಮಗ್ಗ ನಿಲ್ಲಿಸುತ್ತಿದ್ದರು.

ಅವರು ಬಂದರು. ಶಿರಾ, ಚೂಡಾ, ಚಹಾ ಆಯಿತು. ಹುಡುಗನ ತಾಯಿ ಸೌಮ್ಯ ಹೆಂಗಸು. ಎಲ್ಲರೂ ಕೇಳುವಂತೆಯೇ ಕೇಳಿದರು. "ಹುಡಿಗಿ ಆರೋಗ್ಯ ಎಲ್ಲಾ ಚೊಲೋ ಐತಲ್ರಿ?"

"ದೇವರ ದಯಾ, ಎಲ್ಲಾ ಚೊಲೋ ಐತ್ರಿ" ಅಂದೆ. ಅದು ಸುಳ್ಳಲ್ಲ, ಅವರು ಕೇಳಿದ್ದು ಈಗಿನ ಆರೋಗ್ಯ ಎಂದು ಒಳಗೊಳಗೇ ವಕೀಲಿಕೆಯನ್ನೂ ಮಾಡಿಕೊಂಡೆ.

ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಗಂಟಲು ಸರಿಮಾಡಿಕೊಂಡರು. "ಸಣ್ಣಾಕಿದ್ದಾಗ ಫಿಟ್ಸ ಬರತಿದ್ದವ್ರಿ. ಗುಳಿಗಿ ಬಿಟ್ಟು ಭಾಳ ವರ್ಷ ಆತು. ಈಗ ಆರಾಮ ಅದಾಳ. ನಿಮಗ ಗೊತ್ತಿರಲಿ ಅಂತ ಹೇಳಿದೆ."

ಹುಡುಗನ ತಾಯಿ "ಹೌದ್ರಿ? ಇರ್ಲಿ ಬಿಡ್ರಿ" ಎಂದು ನಕ್ಕರು. ಮಗಳು ತಲೆ ತಗ್ಗಿಸಿ ಕೂತಿದ್ದಳು. ಅವರು ಚಹಾ ಪೂರ್ತಿ ಕುಡಿದು, ಪ್ರಾರ್ಥನೆ ಮಾಡಿ, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಹೊರಟರು. ತಿಳಿಸಲಿಲ್ಲ. ಸ್ವಲ್ಪ ದಿನಕ್ಕೆ ಅವರಿಗೆ ಬೇರೆ ಕಡೆ ಗಟ್ಟಿಯಾಯಿತೆಂಬ ಸುದ್ದಿ ಬೇರೆಯವರಿಂದ ಬಂತು.

ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಊಟಕ್ಕೆ ತಟ್ಟೆ ಇಡುತ್ತಿದ್ದೆ, ಬಿಸಿನೀರು ಕಾಯಿಸಿಕೊಡುತ್ತಿದ್ದೆ, ಆದರೆ ಒಂದು ಮಾತಿಲ್ಲ. ಅವರೂ ಆಡಲಿಲ್ಲ. ಬೈಯಲೂ ಇಲ್ಲ. ಗಂಡ ನಮ್ಮಿಬ್ಬರ ನಡುವೆ ನಿಂತು, "ಅವ್ವ ಸುಳ್ಳ ಹೇಳಾಕಿ ಅಲ್ಲ, ನಿನಗ ಗೊತ್ತಿಲ್ಲೇನು?" ಎಂದು ಒಂದು ಸಲ ಹೇಳಿ ನನ್ನ ಕಣ್ಣು ನೋಡಿ ಹೊರಗೆ ಹೋದರು. ಗೊತ್ತಿತ್ತು. ಅದೇ ನನ್ನ ಹೊಟ್ಟೆಯುರಿ. ಖರೆ ಹೇಳಿದ ಸಮಾಧಾನ ಅವರಿಗೆ, ಮನೆಯಲ್ಲಿ ಉಳಿಯುವವಳು ನನ್ನ ಮಗಳು. ಇನ್ನೊಬ್ಬರ ಬದುಕನ್ನು ಮುಂದಿಟ್ಟು ತಾವು ಸಾಚಾ ಆಗುವುದು ಯಾವ ದೊಡ್ಡತನ ಎಂದು ಪಾತ್ರೆ ತಿಕ್ಕುವಾಗಲೆಲ್ಲ ಕೇಳಿಕೊಳ್ಳುತ್ತಿದ್ದೆ. ಆ ಪ್ರಶ್ನೆ ಪೂರಾ ತಪ್ಪು ಎಂದು ಈಗಲೂ ನಾನು ಒಪ್ಪುವುದಿಲ್ಲ.

ಆ ತಿಂಗಳು ಅತ್ತೆಯೇ ರೊಟ್ಟಿ ಮಾಡಿದರು. ಪರಾತದ ಮುಂದೆ ಬಹಳ ಹೊತ್ತು ಕೂತಿದ್ದು ಆಮೇಲೆ ಬಟ್ಟೆ ಕಟ್ಟಿಕೊಂಡರು. ಭಾನುವಾರ ಹೆಂಗಸರ ಸಾಲಿನಲ್ಲಿ ನಾನು ಅವರ ಪಕ್ಕದಲ್ಲೇ ಕೂತಿದ್ದೆ; ಹಾಗೆ ಕೂರುವುದು ರೂಢಿ, ಅದನ್ನು ಬಿಟ್ಟರೆ ಸಭೆಗೆಲ್ಲ ಗೊತ್ತಾಗುತ್ತದೆ. ತಟ್ಟೆ ಕೈಯಿಂದ ಕೈಗೆ ಬಂತು. ನಾನು ಒಂದು ಚೂರು ತೆಗೆದುಕೊಂಡು ಅವರಿಗೆ ಕೊಟ್ಟೆ. ಅತ್ತೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಏನೂ ತೆಗೆದುಕೊಳ್ಳದೆ ಮುಂದಿನವರಿಗೆ ದಾಟಿಸಿದರು. ತಾವೇ ನಾದಿ ಬೇಯಿಸಿದ ರೊಟ್ಟಿ. ಮನಸ್ಸು ಚುಚ್ಚಲಿ, ಚುಚ್ಚಬೇಕಾದದ್ದೇ ಎಂದುಕೊಂಡು ನಾನು ನನ್ನ ಚೂರನ್ನು ಬಾಯಿಗೆ ಹಾಕಿಕೊಂಡೆ.

ಮುಂದಿನ ತಿಂಗಳು ಹತ್ತಿರ ಬಂದಾಗ ಅತ್ತೆ ಬಚ್ಚಲ ಕಲ್ಲಿನ ಮೇಲೆ ಜಾರಿದರು. ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿ ಕೊರಳಿಗೆ ತೂಗುಹಾಕಿ ಕಳಿಸಿದರು. ಗಂಡ, ಈ ಸಲವಾದರೂ ಬೇಕರಿಯಿಂದ ತರೋಣ ಎಂದರು. ನನಗೆ ಅದೆಲ್ಲಿಂದ ಹಟ ಬಂತೋ, "ಏನೂ ಬ್ಯಾಡ. ನಾ ಮಾಡತೇನಿ" ಅಂದೆ. ಅತ್ತೆಯ ಮೇಲೆ ಸಿಟ್ಟಿದ್ದರೂ ಅವರ ಪರಾತವನ್ನು ಬೇಕರಿಯವನ ಮುಂದೆ ಸೋಲಿಸಲು ನನಗೆ ಮನಸ್ಸಿರಲಿಲ್ಲ.

ಶನಿವಾರ ಮಧ್ಯಾಹ್ನ ಸ್ನಾನ ಮಾಡಿ, ಹಿಟ್ಟು ಜರಡಿ ಹಿಡಿದು, ಪರಾತದ ಮುಂದೆ ಕೂತೆ. ಅತ್ತೆ ನಿಧಾನಕ್ಕೆ ಬಂದು ಎದುರಿಗೆ ಗೋಡೆಗೊರಗಿ ಕೂತರು. ಎಡಗೈಯಲ್ಲಿ ಒಗೆದು ಮಡಚಿದ ಆ ಬಿಳಿ ಬಟ್ಟೆ. ಅಷ್ಟು ದಿನಗಳ ಮೇಲೆ ಅವರು ನನ್ನ ಜೊತೆ ಆಡಿದ ಮೊದಲ ಮಾತು ಇದು: "ಯಾರ ಮ್ಯಾಲರ ಸಿಟ್ಟು ಐತೇನ ನಿನಗ?"

ಇಲ್ಲ ಅನ್ನಬಹುದಿತ್ತು. ಒಂದು "ಇಲ್ರಿ"ಗೆ ಎಲ್ಲ ಮುಗಿಯುತ್ತಿತ್ತು, ರೊಟ್ಟಿಯೂ ಆಗುತ್ತಿತ್ತು. ನಾಲಗೆಯ ತುದಿಗೂ ಬಂದಿತ್ತು. ಆದರೆ ಆ ಮುಖ ನೋಡಿಕೊಂಡು ಹೇಳಲಾಗಲಿಲ್ಲ.

"ಐತ್ರಿ."

"ಯಾರ ಮ್ಯಾಲ?"

"ನಿಮ್ಮ ಮ್ಯಾಲ. ಗೊತ್ತಿಲ್ಲೇನ್ರಿ ನಿಮಗ?"

ಅತ್ತೆ ಉಸಿರು ಬಿಟ್ಟರು. "ಗೊತ್ತೈತಿ. ನೀ ಎಲ್ಲಿ ಇಲ್ಲಂತಿಯೋ ಅಂತ ಅಂಜಿದ್ದೆ."

"ಹಂಗಾರ ಏನ ಮಾಡೂಣ್ರಿ?"

"ಹಿಟ್ಟ ಮುಟ್ಟಬ್ಯಾಡ. ಮದಲ ಸಿಟ್ಟ ಹೊರಗ ಹಾಕು. ನಾ ಇಲ್ಲೇ ಕುಂತೇನಿ."

ಹಾಕಿದೆ. ಏನೇನು ಅಂದೆನೋ ಎಲ್ಲ ಬರೆಯಲಾರೆ. ಖರೆ ಹೇಳಿ ಪುಣ್ಯ ನೀವು ಕಟ್ಟಿಕೊಂಡಿರಿ, ಅನುಭವಿಸುವ ಪಾಡು ನನ್ನ ಮಗಳಿಗೆ ಅಂದೆ. ನಿಮ್ಮ ಬಾಯಿಗೆ ಬಟ್ಟೆ ಕಟ್ಟಬೇಕಾದದ್ದು ಅವತ್ತು, ಶನಿವಾರಗಳಲ್ಲಲ್ಲ ಅಂದೆ. ಅದನ್ನು ಅಂದಾಗ ಅತ್ತೆಯ ಎಡಗೈ ಆ ಬಟ್ಟೆಯನ್ನು ಹಿಂಡಿದ್ದು ಕಂಡಿತು, ಆದರೂ ನಾನು ನಿಲ್ಲಿಸಲಿಲ್ಲ. ಅವರು ಒಂದಕ್ಕೂ ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟಿದ್ದರೆ ನನಗೆ ಹಗುರವಾಗುತ್ತಿತ್ತೇನೋ, ಕೊಡದೆ ಕೂತದ್ದರಿಂದ ನನ್ನ ದನಿ ಇನ್ನೂ ಏರಿತು.

ಮಗಳು ಲ್ಯಾಬಿನಿಂದ ಬಂದು ಬಾಗಿಲಲ್ಲಿ ನಿಂತಿದ್ದನ್ನು ನಾನು ನೋಡಿರಲಿಲ್ಲ. ಹೆಗಲ ಚೀಲವನ್ನೂ ಇಳಿಸಿರಲಿಲ್ಲ ಅವಳು. ಅವಳಿಗೆ ಅಜ್ಜಿ ಎಂದರೆ ಆಯಿ.

"ಅವ್ವಾ, ಆಯಿಗೆ ಬೈಬ್ಯಾಡ. ನಾನ ಹೇಳಂದಿದ್ದೆ."

ಅತ್ತೆ ತಟ್ಟನೆ, "ನೀ ಸುಮ್ಮನಿರ ತಂಗಿ. ಒಳಗ ಹೋಗು" ಅಂದರು.

"ಇನ್ನ ಸುಮ್ಮನಿರೂದಿಲ್ಲ ಆಯಿ." ನನ್ನ ಕಡೆ ತಿರುಗಿದಳು. "ನೀ ನಿನ್ನ ತಲಿ ಮ್ಯಾಲ ನನ್ನ ಕೈ ಇಟ್ಕೊಂಡು ಆಣಿ ಹಾಕಿಸಿದಿ. ನಾ ಹೆಂಗ ಬಾಯಿ ಬಿಡ್ಲಿ? ಅದಕ್ಕ ಆಯಿಗೆ ಅಂದೆ, ನೀ ಹೇಳಬೇ, ನಿನಗೇನ ಆಣಿ ಇಲ್ಲಲಾ ಅಂತ. ನಾಳೆ ಅವರ ಮನ್ಯಾಗ ನಾ ಒಂದ ದಿನ ತಲಿ ತಿರಗತೈತಿ ಅಂದ್ರ ಎಲ್ಲಾರೂ ನನ್ನ ಮಾರಿ ನೋಡೂದು, ನಾ ಅಂಜೂದು. ಹಂಗ ಅಂಜಕೋಂತ ಬಾಳೇ ಮಾಡಾಕ ನನ್ನ ಕೈಲೆ ಆಗೂದಿಲ್ಲವ್ವಾ."

ಮಗಳಿಗೆ ಮದುವೆಯ ಭಾಗ್ಯ ತಪ್ಪಿಸಿದರೆಂದು ನಾನು ಯಾರನ್ನು ಅಷ್ಟು ದಿನ ಮಾತು ಬಿಟ್ಟು ಶಿಕ್ಷಿಸಿದ್ದೆನೋ ಅವರು ಅವಳ ಮಾತನ್ನೇ ಹೊತ್ತುಕೊಂಡು ನಿಂತಿದ್ದರು. ಒಂದು ಮಾತಿನಲ್ಲಿ ನನ್ನ ಸಿಟ್ಟನ್ನು ತಮ್ಮ ಮೇಲಿಂದ ಇಳಿಸಿಕೊಳ್ಳಬಹುದಾಗಿತ್ತು. ಬಾಯಿ ತಡೆಯಲಾರೆನೆಂದು ಬಟ್ಟೆ ಕಟ್ಟಿಕೊಳ್ಳುವ ಹೆಂಗಸು ಬಟ್ಟೆಯಿಲ್ಲದೆಯೇ ತಡೆದಿದ್ದರು.

"ನನಗ ಯಾಕ ಹೇಳಲಿಲ್ರಿ ಅತ್ತಿ?" ಅಂದೆ.

"ಅಕಿ ಹೇಳಬ್ಯಾಡಂದಿದ್ಲು." ಅತ್ತೆ ಮಡಿಲಲ್ಲಿದ್ದ ಬಟ್ಟೆಯ ಸುಕ್ಕು ಬಿಡಿಸುತ್ತಿದ್ದರು. "ಮತ್ತ, ನನ್ನ ಮ್ಯಾಲ ಸಿಟ್ಟ ಬಂದ್ರ ನೀ ಹೆಂಗರ ಬಾಳತಿ. ಮಗಳ ಮ್ಯಾಲ ಬಂತಂದ್ರ ಉಣ್ಣೂದ ಬಿಡತಿ. ನನಗ ಗೊತ್ತಿಲ್ಲೇನು ನಿನ್ನ ಗುಣಾ?"

ನನಗೆ ಅಳು ಬಂದುಬಿಟ್ಟಿತು. ಸೆರಗಿನಿಂದ ಮುಖ ಒರೆಸಿಕೊಂಡರೂ ಮತ್ತೆ ಬಂತು. ಹಿಂದಿನ ತಿಂಗಳು ಅತ್ತೆ ತಟ್ಟೆಯನ್ನು ದಾಟಿಸಿದ್ದು ಆಗ ಅರ್ಥವಾಯಿತು. ಅವರ ಮನಸ್ಸಿನಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ, ಹಾಗಾಗಿ ನಾದಿದರು. ನನ್ನ ಮನಸ್ಸಿನಲ್ಲಿ ಅವರ ಮೇಲಿತ್ತು, ಅದು ಇಳಿಯುವ ತನಕ ತಿನ್ನಬಾರದೆಂದು ತಿನ್ನಲಿಲ್ಲ. ಸಿಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತು ಆರಾಮಾಗಿ ಜಗಿದವಳು ನಾನು.

"ಮದಲ ಆ ಆಣಿ ಇಳಸು" ಅಂದರು ಅತ್ತೆ. "ಕಿರಸ್ತಾನರ ಮನ್ಯಾಗ ಆಣಿ ಅಂತ ಆಣಿ."

ಆಣೆ ಹಾಕುವುದು ಎಲ್ಲರಿಗೂ ಗೊತ್ತು, ಇಳಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಮಗಳನ್ನು ಹತ್ತಿರ ಕರೆದು ಅವಳ ಕೈ ಹಿಡಿದುಕೊಂಡೆ. ಲ್ಯಾಬಿನ ಸ್ಪಿರಿಟ್ಟಿನ ವಾಸನೆಯ ಕೈ. "ಇನ್ನಮ್ಯಾಲ ಯಾರ ಮುಂದ ಏನ ಹೇಳಬೇಕಂತಿ ಅದನ್ನ ಹೇಳು. ನಾ ಏನ ಸಾಯೂದಿಲ್ಲ" ಅಂದೆ. ಅವಳು ನಕ್ಕಳೋ ಅತ್ತಳೋ, ನನ್ನ ಹೆಗಲಿಗೆ ಮುಖ ಇಟ್ಟಿದ್ದರಿಂದ ಕಾಣಲಿಲ್ಲ.

ಅತ್ತೆ ಪರಾತದ ಅಂಚನ್ನು ಬೆರಳಿನಿಂದ ತಟ್ಟಿದರು. "ಈಗ ಹೇಳು. ಸಿಟ್ಟು ಐತೇನು?"

"ಅರ್ಧಾ ಹೋಗೇತ್ರಿ."

"ಇನ್ನರ್ಧಾ?"

"ಇಬ್ರೂ ಕೂಡಿ ನನ್ನ ಹೊರಗ ಇಟ್ರಲ್ಲಾ, ಅದಕ್ಕ."

"ಆ ಅರ್ಧಕ್ಕ ನಂದ ತಪ್ಪ ಆತವ್ವಾ" ಅಂದರು ಅತ್ತೆ. ನನ್ನ ಅತ್ತೆ ಆ ಮಾತನ್ನು ಗಿರಣಿಯವನಿಗೆ ಹೇಳಿದ್ದುಂಟು, ನಾದಿನಿಗೆ ಹೇಳಿದ್ದುಂಟು. ನನಗೆ ಹೇಳಿದ್ದು ಅದೇ ಮೊದಲು. ನನಗೆ ಕೇಳಿಸಿಕೊಳ್ಳಲೂ ಆಗದಷ್ಟು ನಾಚಿಕೆಯಾಯಿತು. ಮಗಳು ಕೈ ತೊಳೆದು ಬಂದು ಆ ಬಿಳಿ ಬಟ್ಟೆಯನ್ನು ನನ್ನ ಬಾಯಿಗೆ ಕಟ್ಟಿದಳು. ಅತ್ತೆ ಎಡಗೈಯ ಸನ್ನೆಯಲ್ಲೇ ನೀರು ಹಾಕು, ಸಾಕು, ಇನ್ನೂ ನಾದು ಎಂದು ಹೇಳಿಕೊಟ್ಟರು. ಬಟ್ಟೆಗೆ ಬಿಸಿಲಿನ ವಾಸನೆ ಇತ್ತು. ಅದರೊಳಗೆ ನನ್ನ ಉಸಿರು ನನಗೇ ಕೇಳುತ್ತಿತ್ತು.

ಭಾನುವಾರ ಸಭೆ ತುಂಬಿತ್ತು. ತಟ್ಟೆ ಹೆಂಗಸರ ಸಾಲಿಗೆ ಬಂತು. ನನ್ನ ರೊಟ್ಟಿ ಮುರಿಯಲು ಸಭಾಪಾಲಕರು ಪಟ್ಟ ಪಾಡನ್ನು ಎಲ್ಲರೂ ನೋಡಿದ್ದರು. ನಾನು ಒಂದು ಚೂರು ತೆಗೆದುಕೊಂಡು ತಟ್ಟೆಯನ್ನು ಅತ್ತೆಯ ಕಡೆ ಹಿಡಿದೆ. ಅವರು ತಟ್ಟೆಯನ್ನು ನೋಡಿದರು, ಕೊರಳಿಗೆ ತೂಗುಹಾಕಿದ ಬಲಗೈಯನ್ನು ನೋಡಿದರು. ಎಡಗೈ ಮಡಿಲಿನಿಂದ ಅರ್ಧ ಎದ್ದು ಮತ್ತೆ ಇಳಿಯಿತು. ಹೂಲಿಯಿಂದ ಬಂದ ಗಂಟಿನಲ್ಲಿ ಇನ್ನೂ ಏನೋ ಸ್ವಲ್ಪ ಉಳಿದಿತ್ತು. ಎಡಗೈಯಲ್ಲಿ ಅದನ್ನು ತೆಗೆದುಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ. ಈ ಸಲವೂ ದಾಟಿಸಿಬಿಡುತ್ತಾರೆ ಎಂದು ನನಗೆ ದಿಗಿಲಾಯಿತು. ತಟ್ಟೆಯನ್ನು ಬೇಗನೆ ಪಕ್ಕದಲ್ಲಿದ್ದ ಮಗಳ ಕೈಗೆ ಕೊಟ್ಟು, ಅದರಿಂದ ಇನ್ನೊಂದು ಚೂರು ತೆಗೆದು ಅತ್ತೆಯ ತುಟಿಯ ಹತ್ತಿರ ಹಿಡಿದೆ. ಅವರು ನನ್ನನ್ನೇ ನೋಡುತ್ತ ಬಾಯಿ ತೆರೆದರು. ಕೂಸಿಗೆ ತುತ್ತು ಇಟ್ಟಂತೆ ಇಟ್ಟೆ. ಅವರ ಕಣ್ಣು ತುಂಬಿತು, ನನ್ನದೂ.

ಸವದತ್ತಿಯವರು ಮನಸ್ಸು ಬದಲಿಸಿ ತಿರುಗಿ ಬರಲಿಲ್ಲ. ನಿಜ ಹೇಳಿದವರಿಗೆ ದೇವರು ಆ ಕೂಡಲೇ ಬಹುಮಾನ ಕೊಡುತ್ತಾನೆಂದು ಬರೆದರೆ ಅದೇ ಒಂದು ಸುಳ್ಳಾಗುತ್ತದೆ. ಆಮೇಲೆ ಚಚಡಿಯ ಕಡೆಯಿಂದ ಒಬ್ಬರು ಬಂದರು. ಮಗಳು ಚಹಾ ಕೊಡುವ ಮುಂಚೆ ತಾನೇ ಎಲ್ಲವನ್ನೂ ಹೇಳಿದಳು. ಅವರೂ ಎದ್ದು ಹೋದರು. ಅವಳು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಬಂದು, ಹಸಿವಾಗಿದೆ, ಉಳಿದ ಶಿರಾ ಎಲ್ಲಿದೆ ಎಂದು ಕೇಳಿದಳು. ಅವಳ ಮುಖ ತಗ್ಗಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಸಂಕಟವಿದೆ, ಇಲ್ಲ ಎನ್ನುವುದಿಲ್ಲ. ದಿನಾ ಪ್ರಾರ್ಥನೆಯಲ್ಲಿ ಅದನ್ನೇ ಹೇಳುತ್ತೇನೆ.

ಅತ್ತೆಗೆ ನಾನು ತುತ್ತಿಟ್ಟ ಆ ಭಾನುವಾರ ಆರಾಧನೆ ಮುಗಿದು ಹೊರಗೆ ಬೇವಿನ ಮರದ ಕೆಳಗೆ ಚಪ್ಪಲಿ ಹುಡುಕುತ್ತಿದ್ದೆವು. ಅತ್ತೆ ನನ್ನ ಹೆಗಲು ಹಿಡಿದು ಕಾಲು ತೂರಿಸುತ್ತ, ಸುತ್ತಲಿನವರಿಗೆಲ್ಲ ಕೇಳುವಂತೆ ಶುರುಮಾಡಿದರು. "ಎಂಥಾ ರೊಟ್ಟಿ ಮಾಡಿದಿ ನಮ್ಮವ್ವಾ! ಹಲ್ಲ ಇದ್ದಾವರದ ಮುರೀತಾವು, ಇಲ್ಲದಾವರ ಏನ ಮಾಡಬೇಕು? ರಾಮದುರ್ಗದಾಗ ನೂಲಿಗೆ ಗಂಜಿ ಹಾಕೂದ ಅಷ್ಟ ಕಲಿಸ್ಯಾರೇನು ನಿಮ್ಮಪ್ಪ, ಹಿಟ್ಟ ನಾದೂದ ಕಲಿಸಿಲ್ಲೇನು?"

ಹೆಂಗಸರೆಲ್ಲ ನಕ್ಕರು. ನಾನು ಬಗ್ಗಿ ಅವರ ಚಪ್ಪಲಿಯ ಪಟ್ಟಿ ಹಾಕುತ್ತಿದ್ದೆ. ಅಷ್ಟು ದಿನವೂ ಆ ಬಾಯಿಂದ ಒಂದು ಬೈಗುಳಕ್ಕಾಗಿ ನಾನು ಕಾದಿದ್ದೆನೆಂದು ಅದು ಕಿವಿಗೆ ಬಿದ್ದ ಮೇಲೆ ನನಗೆ ಗೊತ್ತಾಯಿತು.